ಹಾಯಿಕಂಬ ಬಿದ್ದ ಭಾನುವಾರ

ನಮ್ಮ ದೋಣಿಯ ಆ ಪಿನ್ನಿಗೆ ದಾರ ಕಟ್ಟಿದವರು ಯಾರು ಎಂಬುದು ನನಗೆ ನಿಜವಾಗಿ ಗೊತ್ತಿಲ್ಲ. ಗೊತ್ತಿದೆ ಎಂದುಕೊಂಡು ಎರಡು ವರ್ಷ ಕಳೆದೆ. ಗೊತ್ತಿದೆ ಎಂದು ನೆಂಟರ ಮನೆಗಳಲ್ಲಿ, ಮದುವೆ ಊಟದ ಸಾಲಿನಲ್ಲಿ, ಒಮ್ಮೆ ಗೋಣಿಕೊಪ್ಪಲಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದ ಹಳೆಯ ವಿದ್ಯಾರ್ಥಿಯ ಎದುರಿಗೂ ಕೈ ಆಡಿಸಿಕೊಂಡು ಹೇಳಿದೆ. ಹೇಳಿದ ಹಾಗೆಲ್ಲ ಕತೆ ಚೆನ್ನಾಯಿತು. ಕತೆ ಚೆನ್ನಾದ ಹಾಗೆಲ್ಲ ಅದರಲ್ಲಿ ನನ್ನ ನಂಬಿಕೆ ಬೆಳೆಯಿತು. ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಕತೆ ತುಂಬ ಚೆನ್ನಾಗಿದ್ದರೆ ಮೊದಲು ಅನುಮಾನ ಪಡಿ ಎಂದು ಪ್ರತಿ ವರ್ಷ ಜೂನ್ ತಿಂಗಳಲ್ಲಿ ಹೊಸ ಮಕ್ಕಳಿಗೆ ಹೇಳುತ್ತಿದ್ದವನು. ನನ್ನ ಬಾಯಿಂದ ಬಂದ ಕತೆಗೆ ಆ ನಿಯಮ ಅನ್ವಯಿಸುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ.

ಇವತ್ತು ಬೆಳಿಗ್ಗೆ ಈ ಅನುಮಾನವನ್ನು ಎಬ್ಬಿಸಿದ್ದು ಒದ್ದೆ ತೆಂಗಿನ ಹಗ್ಗದ ವಾಸನೆ. ಜನವರಿ ಕೊನೆಯ ಮಂಜು ಇನ್ನೂ ಕಾಫಿ ಒಣಗಿಸುವ ಕಣದ ಮೇಲೆ ಕೂತಿತ್ತು. ಕಾಳುಮೆಣಸು ಕೊಯ್ಯುವ ದಿನ ಹತ್ತಿರ ಬಂತೆಂದು ಬಿದಿರಿನ ಏಣಿಗಳನ್ನು ಹೊರಗೆ ತೆಗೆದಿದ್ದೆವು. ಮೆಣಸಿನ ಬಳ್ಳಿ ಹಬ್ಬಿಸಿದ ನಮ್ಮ ಸಿಲ್ವರ್ ಮರಗಳ ನೆತ್ತಿ ಮುಟ್ಟಲು ಒಂದು ಏಣಿ ಸಾಲದು. ಎರಡನ್ನು ಉದ್ದಕ್ಕೆ ಸೇರಿಸಿ ಹಗ್ಗದಿಂದ ಬಿಗಿಯಬೇಕು. ಆ ಕೆಲಸ ಮೊದಲಿನಿಂದಲೂ ನನ್ನ ಹೆಂಡತಿ ದೇಚಮ್ಮನದು. ರಾತ್ರಿಯ ಇಬ್ಬನಿಗೆ ನೆನೆದ ಹಗ್ಗವನ್ನು ಅವಳು ಬಿಚ್ಚಿ, ಮತ್ತೆ ಸುತ್ತಿ, ಮತ್ತೆ ಬಿಗಿದು ನನ್ನನ್ನು ಕರೆದಳು.

“ಲೆಕ್ಚರ್ರೇ, ಇಲ್ಲಿ ಬನ್ನಿ ಸ್ವಲ್ಪ. ಈ ಕಟ್ಟು ಎಳೆದು ನೋಡಿ.”

“ಆಗಲೇ ಎರಡು ಸಲ ನೋಡಿದೆನಲ್ಲ. ಬಂಡೆ ಹಾಗೆ ಉಂಟು.”

“ನೀವು ಪೇಪರ್ ಓದ್ತಾ ಎಳೆದದ್ದು. ಕಾಲು ಕೊಟ್ಟು ಎಳೀರಿ.”

ಕಾಲು ಕೊಟ್ಟು ಎಳೆದೆ. ಹಗ್ಗ ಒಂದು ಎಳೆಯಷ್ಟೂ ಜಗ್ಗಲಿಲ್ಲ. ಅವಳಿಗೆ ಸಮಾಧಾನವಾಗಲಿಲ್ಲ. ಎಡಗೈಯಿಂದ ಬಲಭುಜವನ್ನು ಒತ್ತಿಕೊಳ್ಳುತ್ತಾ, “ಬರೋ ವರ್ಷದಿಂದ ಏಣಿ ಕಟ್ಟೋಕೆ ಬೇರೆ ಯಾರಿಗಾದ್ರೂ ಹೇಳಿ. ಮರ ಹತ್ತೋರ ಜೀವದ ವಿಷಯ. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ,” ಎಂದಳು.

ಈ ಮಾತು ನಿಮಗೆ ಸಾಧಾರಣ ಅನ್ನಿಸಬಹುದು. ದೇಚಮ್ಮನನ್ನು ಬಲ್ಲವರಿಗೆ ಹಾಗೆ ಅನ್ನಿಸದು. ಅವಳು ಅಮ್ಮತ್ತಿ ಕಡೆಯ ತೋಟದ ಮನೆಯಲ್ಲಿ ಬೆಳೆದವಳು. ಅವಳ ಅಪ್ಪ ಜೀಪಿನ ಮೇಲೆ ಕಾಫಿ ಮೂಟೆ ಹೇರಿಸಿ, ಹಗ್ಗ ಕಟ್ಟುವ ಕೆಲಸವನ್ನು ಹತ್ತು ವರ್ಷದ ಮಗಳಿಗೆ ಬಿಡುತ್ತಿದ್ದರಂತೆ. ಆಮೇಲೆ ತಾವೇ ಮೂಟೆಗಳ ಮೇಲೆ ಹತ್ತಿ ಕುಣಿಯುತ್ತಿದ್ದರಂತೆ. ಮೂಟೆ ಅಲುಗಿದರೆ ಎಲ್ಲ ಬಿಚ್ಚಿ ಮೊದಲಿನಿಂದ ಕಟ್ಟಬೇಕು. ಆ ಶಾಲೆಯಲ್ಲಿ ಕಲಿತ ಕೈ ಅವಳದು. ನಮ್ಮಲ್ಲಿಗೆ ಮೆಣಸು ಕೊಯ್ಯಲು ಬರುತ್ತಿದ್ದ ಪಕ್ಕದ ಎಸ್ಟೇಟಿನ ಲೈನ್ ಮನೆಗಳ ಕೂಲಿಯವರು ಏಣಿಗೆ ಕಾಲಿಡುವ ಮುಂಚೆ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಅಕ್ಕ ಕಟ್ಟಿದ್ದಾ?” ಹೌದು ಎಂದರೆ ಬೀಡಿ ಆರಿಸಿ ಹತ್ತುತ್ತಿದ್ದರು. ನಾನು ಕಟ್ಟಿದ್ದು ಎಂದರೆ ಬೀಡಿ ಆರುತ್ತಲೇ ಇರಲಿಲ್ಲ.

ನಾನಾದರೋ ಮಡಿಕೇರಿಯ ದೇವಸ್ಥಾನದ ಬೀದಿಯ ಮೇಷ್ಟರ ಮಗ. ನಮ್ಮ ಮನೆಯಲ್ಲಿ ಕಟ್ಟುತ್ತಿದ್ದದ್ದು ಹೂವು ಮತ್ತು ಪುಸ್ತಕದ ಕಟ್ಟು, ಎರಡೇ. ನಾವಿಬ್ಬರೂ ಮದುವೆಯಾದಾಗ ಎರಡು ಕಡೆಯವರೂ ಸ್ವಲ್ಪ ದಿನ ಮುಖ ಊದಿಸಿಕೊಂಡಿದ್ದರು. ಆಮೇಲೆ ಊದಿಸಿಕೊಂಡು ಅವರಿಗೇ ಬೇಜಾರಾಯಿತು. ಅವಳ ಕೊಡವ ಭಾಷೆ ನನಗೆ ಪೂರ್ತಿ ಬರಲಿಲ್ಲ. ನನ್ನ ಮನೆಯ ಮಡಿ ಅವಳಿಗೆ ಪೂರ್ತಿ ಬರಲಿಲ್ಲ. ನಡುವೆ ಕನ್ನಡದಲ್ಲಿ ಸಂಸಾರ ಸಾಗಿತು. ನೌಕರಿಯ ಕೊನೆಯ ವರ್ಷಗಳಲ್ಲಿ ಹಾರಂಗಿಯ ಹಿನ್ನೀರಿನ ಹತ್ತಿರ ಆರು ಎಕರೆ ಕಾಫಿ ತೋಟ ಕೊಂಡೆವು. ವಾರದ ದಿನಗಳಲ್ಲಿ ನಾನು ಗೋಣಿಕೊಪ್ಪಲಿನ ಬಾಡಿಗೆ ಕೋಣೆಯಲ್ಲಿ, ಅವಳು ತೋಟದಲ್ಲಿ. ಶನಿವಾರ ಭಾನುವಾರ ಇಬ್ಬರೂ ಹಿನ್ನೀರಿನಲ್ಲಿ.

ಹಿನ್ನೀರಿನಲ್ಲಿ ಎಂದರೆ ದೋಣಿಯಲ್ಲಿ. ಹದಿನಾಲ್ಕು ಅಡಿಯ ಮರದ ಹಾಯಿದೋಣಿ. ಊರಿನವರು ಅದನ್ನು ಸಾಹುಕಾರರ ವಿಹಾರನೌಕೆಯ ಹಾಗೆ ‘ಯಾಟು’ ಎನ್ನುತ್ತಿದ್ದರು, ನಮ್ಮನ್ನು ರೇಗಿಸಲು. ನೌಕಾಪಡೆಯಿಂದ ನಿವೃತ್ತರಾಗಿ ತೋಟ ಮಾಡಿಕೊಂಡಿದ್ದ ಹಿರಿಯರೊಬ್ಬರ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹಿಂದೆ ಅದು ಮಗುಚಿ ಬಿದ್ದಿತ್ತು. ಅದರ ಅಡಿಯಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ದೇಚಮ್ಮ ಹೋದದ್ದು ಕಾಫಿ ಗಿಡ ಕೇಳಲು. ತಂದದ್ದು ದೋಣಿ. “ಕೋಳಿಗೆ ಬೇರೆ ಗೂಡು ಮಾಡಿಕೊಡ್ತೀನಿ ಅಂದೆ, ಒಪ್ಪಿದ್ರು,” ಎಂದಳು. ಆ ಹಿರಿಯರೇ ಎರಡು ಭಾನುವಾರ ಬಂದು ನಮಗೆ ಹಾಯಿ ಕಟ್ಟಲು, ತಿರುಗಿಸಲು ಹೇಳಿಕೊಟ್ಟರು. ಗಾಳಿ ಎದುರಿಂದ ಬೀಸಿದರೂ ದೋಣಿ ಓರೆಯಾಗಿ ಮುಂದೆಯೇ ಹೋಗುತ್ತದೆ ಎಂದರು. ನಾನು ನಂಬಲಿಲ್ಲ. ಮೈಸೂರಿನಿಂದ ಪುಸ್ತಕ ತರಿಸಿ, ಚಿತ್ರ ಬರೆದು, ಹೌದು ಸಾಧ್ಯ ಎಂದು ತೀರ್ಮಾನಿಸುವ ಹೊತ್ತಿಗೆ ದೇಚಮ್ಮ ಆಚೆ ದಡಕ್ಕೆ ಹೋಗಿ ವಾಪಸು ಬಂದಾಗಿತ್ತು.

ದೋಣಿಗೆ ಅವಳು ತನ್ನ ಅಪ್ಪನ ಪದ್ಧತಿಯನ್ನೇ ತಂದಳು. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಎಳೆದು ನೋಡಬೇಕು. ನೋಡದೆ ನೀರಿಗಿಳಿಯುವಂತಿಲ್ಲ. ನನಗೆ ಈ ಪದ್ಧತಿ ಇಷ್ಟವಾಯಿತು, ಇದರಲ್ಲಿ ಅನುಮಾನಕ್ಕೆ ಗೌರವದ ಸ್ಥಾನವಿತ್ತು. ಆದರೆ ಒಂದು ತೊಂದರೆಯನ್ನು ನಾವಿಬ್ಬರೂ ಯೋಚಿಸಿರಲಿಲ್ಲ. ಇಬ್ಬರೂ ಒಟ್ಟಿಗೆ ದಣಿದಿದ್ದರೆ ಏನು ಮಾಡುವುದು?

ದಣಿಯುವುದಕ್ಕೆ ನಮ್ಮ ಚಳಿಗಾಲದಷ್ಟು ಒಳ್ಳೆಯ ಕಾಲ ಬೇರೆ ಇಲ್ಲ. ಕೊಡಗಿನಲ್ಲಿ ಆ ಹೊತ್ತಿನಲ್ಲಿ ಬಿಡುವಿರುವುದು ಪ್ರವಾಸಿಗಳಿಗೆ ಮಾತ್ರ. ಮಳೆಗಾಲ ಮುಗಿದು ಹಿನ್ನೀರು ತುಂಬಿ ನಿಂತಿರುತ್ತದೆ, ಮಧ್ಯಾಹ್ನ ಪೂರ್ವದ ಗಾಳಿ ಹದವಾಗಿ ಬೀಸುತ್ತದೆ, ದೋಣಿಗೆ ಅದೇ ಕಾಲ. ಕಾಫಿ ಹಣ್ಣಾಗುವುದೂ ಆಗಲೇ. ಕುಯ್ಯುವವರು ಸಿಗುವುದಿಲ್ಲ, ಸಿಕ್ಕಿದ ದಿನ ಬಿಡುವಂತಿಲ್ಲ. ಕುಯ್ದದ್ದನ್ನು ಕಣದಲ್ಲಿ ಹರಡಬೇಕು, ದಿನಕ್ಕೆ ನಾಲ್ಕು ಸಲ ಕೆದಕಬೇಕು, ಸಂಜೆ ರಾಶಿ ಮಾಡಿ ಟಾರ್ಪಾಲು ಮುಚ್ಚಬೇಕು. ನಮ್ಮ ಹತ್ತಿರ ಒಳ್ಳೆಯ ಟಾರ್ಪಾಲು ಇದ್ದದ್ದು ಒಂದೇ. ಅದಕ್ಕಾಗಿ ಕಾಫಿಗೂ ದೋಣಿಗೂ ನಾನಿದ್ದ ಪ್ರತಿ ಸಂಜೆ ಜಗಳ. ಕಾಫಿಯ ಪರ ನಾನು ವಾದಿಸುತ್ತಿದ್ದೆ, ದೋಣಿಯ ಪರ ಅವಳು. ಕೊನೆಗೆ ಅವಳು ತನ್ನ ಹಳೆಯ ಮಳೆ ಕೋಟನ್ನು ಬಿಚ್ಚಿ ಹಾಸಿ ದೋಣಿಯ ಮೂತಿಗೆ ಹೊದಿಸಿ ಬರುತ್ತಿದ್ದಳು.

ನಾನು ಹೇಳಬೇಕೆಂದಿರುವುದು ಎರಡು ಚಳಿಗಾಲದ ಹಿಂದಿನ ಒಂದು ಶನಿವಾರ ಮತ್ತು ಭಾನುವಾರದ ವಿಷಯ. ನೌಕರಿಯ ಕೊನೆಯ ವರ್ಷ ಅದು. ಶುಕ್ರವಾರ ಸಂಜೆಯ ಬಸ್ಸಿನಲ್ಲಿ ನಿಂತೇ ಬಂದಿದ್ದೆ. ದೇಚಮ್ಮ ಆರು ದಿನ ಕುಯ್ಲಿನವರ ಜೊತೆ ಗುಡ್ಡ ಹತ್ತಿ ಇಳಿದಿದ್ದಳು. ಬೆಳಿಗ್ಗೆ ಎದ್ದು, ಬೆಲ್ಲದ ಕಾಫಿ ಕುಡಿದು, ಲೋಟ ತೊಳೆಯದೆ, ಮಂಜಿನಲ್ಲಿ ದಡಕ್ಕಿಳಿದೆವು. ಆ ವಾರ ದೋಣಿ ಸರಿಮಾಡದಿದ್ದರೆ ಆ ವರ್ಷ ಅದು ನೀರು ಕಾಣುವುದಿಲ್ಲ ಎಂದು ಅವಳ ಲೆಕ್ಕ. ಕಾಣದಿದ್ದರೆ ಏನಾಯಿತು ಎಂದು ಕೇಳಬೇಕೆನ್ನಿಸಿತು. ಕೇಳುವುದಕ್ಕೂ ಸುಸ್ತಾಗಿತ್ತು.

ದೋಣಿಯನ್ನು ಎರಡು ಮರದ ದಿಮ್ಮಿಗಳ ಮೇಲೆ ಮಗುಚಿದೆವು. ಹಳೆಯ ಬಣ್ಣ ಚಕ್ಕೆ ಎದ್ದಿದ್ದ ಕಡೆ ನಾನು ಕೆರೆದೆ. ಬಿರುಕುಗಳಿಗೆ ಅವಳು ಮೆತ್ತಿದಳು. ಹಾಯಿಯ ಹೊಲಿಗೆ ಒಂದು ಮೊಳ ಬಿಟ್ಟಿತ್ತು. ಅದನ್ನು ಕಾಫಿ ಚೀಲ ಹೊಲಿಯುವ ದಬ್ಬಣದಿಂದಲೇ ಹೊಲಿದಳು. ಅವಳ ಅಂಗಿಯ ಜೇಬಿನಲ್ಲಿ ಯಾವಾಗಲೂ ಗೋಣಿದಾರದ ಉಂಡೆ ಇರುತ್ತಿತ್ತು. ದಯವಿಟ್ಟು ಈ ಉಂಡೆಯನ್ನು ಗಮನದಲ್ಲಿಟ್ಟುಕೊಳ್ಳಿ. ಮುಂದೆ ನನ್ನ ಇಡೀ ವಾದ ನಿಂತದ್ದು ಇದರ ಮೇಲೆ.

ಮಧ್ಯಾಹ್ನ ಹಂಸ ತೆಪ್ಪದಲ್ಲಿ ಬಂದ. ಹಿನ್ನೀರಿನಲ್ಲಿ ಬಲೆ ಹಾಕುವವನು, ಮನೆಮಾತು ಮಲಯಾಳ. ನಮ್ಮ ದುರಸ್ತಿ ನೋಡುವುದು ಅವನಿಗೆ ಪುಕ್ಕಟೆ ಸಿನಿಮಾ.

“ಸಾರೇ, ನೀವು ವರ್ಷದಲ್ಲಿ ಹತ್ತು ದಿನ ರಿಪೇರಿ ಮಾಡ್ತೀರಿ, ಎರಡು ದಿನ ಓಡಿಸ್ತೀರಿ. ಇದಕ್ಕೊಂದು ಎಂಜಿನ್ ಇಡಿ. ನಿಮಗೂ ಸುಖ, ಬೋಟಿಗೂ ಸುಖ.”

“ಎಂಜಿನ್ ಇಟ್ರೆ ಇವರಿಗೆ ಅನುಮಾನ ಪಡೋಕೆ ಎಂತ ಉಳೀತದೆ ಹಂಸಾ? ಗಾಳಿ ಬರ್ತದಾ ಇಲ್ವಾ ಅಂತ ಅರ್ಧ ದಿನ ಕಳೀತಾರೆ ಪಾಪ,” ಎಂದಳು ದೇಚಮ್ಮ.

“ಅಕ್ಕಾ, ಅನುಮಾನ ಉಂಟಾದ್ರೆ ಈಜು ಕಲಿಯೋಕೆ ಹೇಳಿ.”

ಇಬ್ಬರೂ ನಕ್ಕರು. ನಾನು ಕೆರೆಯುತ್ತಲೇ ಇದ್ದೆ.

ಸಂಜೆಯ ಹೊತ್ತಿಗೆ ದೋಣಿಯನ್ನು ನೀರಿಗೆ ತಳ್ಳಿ ಹಾಯಿಕಂಬ ನಿಲ್ಲಿಸಿದೆವು. ಕಂಬವನ್ನು ಹಿಡಿದು ನಿಲ್ಲಿಸುವುದು ಮೂರು ತಂತಿಗಳು: ಎರಡು ಬದಿಗೆ, ಒಂದು ಮುಂದಕ್ಕೆ. ಮುಂದಿನ ತಂತಿಯನ್ನು ದೋಣಿಯ ಮೂತಿಗೆ ಸೇರಿಸುವುದು ಕಿರುಬೆರಳಿನಷ್ಟು ದಪ್ಪದ ಒಂದು ಪಿನ್ನು. ಪಿನ್ನಿನ ತುದಿಯಲ್ಲಿ ಒಂದು ತೂತು. ಪಿನ್ನು ಜಾರಿ ಹೊರಬರದಿರಲಿ ಎಂದು ಆ ತೂತಿಗೆ ಕೀಗೊಂಚಲಿನಂಥ ಸಣ್ಣ ಉಕ್ಕಿನ ಉಂಗುರ ಹಾಕಬೇಕು. ಆ ಉಂಗುರ ಆ ಸಂಜೆ ನೀರಿಗೆ ಬಿತ್ತು. ಸದ್ಯಕ್ಕೆ ತೂತಿಗೆ ದಾರ ಕಟ್ಟಿಡುವುದು, ಬೆಳಿಗ್ಗೆ ಮನೆಯಿಂದ ಬೇರೆ ಉಂಗುರ ತರುವುದು ಎಂದಾಯಿತು. ದಾರ ಕಟ್ಟಲಾಯಿತು. ನೋಡಿ, ‘ಕಟ್ಟಲಾಯಿತು’. ಇತಿಹಾಸದ ಉತ್ತರಗಳಲ್ಲಿ ಹುಡುಗರು ಹೀಗೆ ಬರೆದಾಗ ‘ಯಾರಿಂದ?’ ಎಂದು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಕೇಳುತ್ತಿದ್ದವನು ನಾನೇ.

ಭಾನುವಾರ ಏಳಲು ತಡವಾಯಿತು. ಮಂಜು ಕರಗಿದಾಗ ಹತ್ತೂವರೆ. ಮೈಯೆಲ್ಲ ನೋವು. ಅಕ್ಕಿ ರೊಟ್ಟಿ, ಕುಂಬಳಕಾಯಿ ಪಲ್ಯ ಕಟ್ಟಿಕೊಂಡು ಇಳಿದೆವು. ಉಂಗುರ ತರಲಿಲ್ಲ. ಇಬ್ಬರಿಗೂ ನೆನಪಾಗಲಿಲ್ಲ, ಅಥವಾ ಇನ್ನೊಬ್ಬರು ತಂದಿರುತ್ತಾರೆ ಎಂದು ಇಬ್ಬರೂ ಅಂದುಕೊಂಡೆವು. ಎಳೆದು ನೋಡುವ ಪದ್ಧತಿ ನಡೆಯಿತೇ? ನನಗೆ ಬದಿಯ ತಂತಿಗಳನ್ನು ಎಳೆದದ್ದು ನೆನಪಿದೆ. ಮುಂದಿನದು ನೆನಪಿಲ್ಲ.

ಚುಕ್ಕಾಣಿ ಅವಳ ಕೈಯಲ್ಲಿ, ಹಾಯಿಯ ಹಗ್ಗ ನನ್ನ ಕೈಯಲ್ಲಿ. ದಡ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಗಾಳಿ ಹಿಡಿಯಿತು. ಹಾಯಿ ಒಮ್ಮೆ ಪಟಪಟ ಬಡಿದು ತುಂಬಿಕೊಂಡಿತು. ಆಮೇಲೆ ಒಂದು ನಿಶ್ಶಬ್ದ. ಅದನ್ನು ನಿಮಗೆ ಹೇಗೆ ಹೇಳಲಿ? ವಾರವಿಡೀ ಯಾರೋ ಕಿವಿಯ ಹತ್ತಿರ ಜಾಗಟೆ ಬಾರಿಸಿ ಈಗ ನಿಲ್ಲಿಸಿದ ಹಾಗೆ. ದೇಚಮ್ಮ ಚಪ್ಪಲಿ ಬಿಟ್ಟು ಕಾಲು ಚಾಚಿದಳು. ಅವಳ ಹಿಮ್ಮಡಿ ಬಿರುಕು ಬಿಟ್ಟಿತ್ತು. “ನಿದ್ದೆ ಬರ್ತದೆ,” ಎಂದಳು. “ಮಲಗಬೇಡ, ನನಗೆ ಈಜು ಬರೋದಿಲ್ಲ,” ಎಂದೆ. “ಹಾಗಾದ್ರೆ ನೀವು ಮಾತಾಡ್ತಾ ಇರಿ. ನಿಮ್ಮ ಯಾವುದಾದ್ರೂ ರಾಜನ ಕತೆ ಹೇಳಿ,” ಎಂದಳು. ನಿದ್ದೆ ಬರುವವರಿಗೆ ರಾಜನ ಕತೆ ಹೇಳಬಾರದು ಎಂದೆ. ಅಷ್ಟು ನೆನಪಿದೆ. ಆ ಹೊತ್ತು ನಾವಿಬ್ಬರೂ ಸುಖವಾಗಿದ್ದೆವು ಎಂದೂ ನೆನಪಿದೆ. ಆದರೆ ಸುಖದ ನೆನಪಿಗೆ ಆಧಾರ ಎಲ್ಲಿಂದ ತರುವುದು?

ಗುಡ್ಡದ ಮೂಲೆ ದಾಟುವಾಗ ಒಂದು ಗಾಳಿ ಬಂತು. ದೊಡ್ಡ ಗಾಳಿಯೇನಲ್ಲ. ಮುಂದೆ ‘ಟಣ್’ ಎಂದು ಸದ್ದಾಯಿತು. ನಾನು ತಿರುಗಿ ನೋಡುವುದರೊಳಗೆ ಹಾಯಿಕಂಬ ಹಿಂದಕ್ಕೆ ಬೀಳುತ್ತಿತ್ತು. ಅದು ನನ್ನ ತಲೆಯ ಪಕ್ಕದಲ್ಲೇ ಹಾದು ದೇಚಮ್ಮನ ಬಲಭುಜದ ಮೇಲೆ ಬಿತ್ತು. ಅವಳು ಕಿರುಚಲಿಲ್ಲ. ಹಾಯಿಬಟ್ಟೆಯ ಅಡಿಯಿಂದ, ಬಹಳ ಮೆಲ್ಲಗೆ, “ಹಗ್ಗ ಬಿಡಿ. ಕೈಯಲ್ಲಿರೋ ಹಗ್ಗ ಬಿಡಿ,” ಎಂದಳು. ನಾನು ಎರಡೂ ಕೈಯಲ್ಲಿ ಅದನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದೆ.

ಹಂಸ ದೂರದಿಂದ ನೋಡಿ ಹುಟ್ಟು ಹಾಕಿಕೊಂಡು ಬಂದ. ನಮ್ಮನ್ನು ದಡಕ್ಕೆ ಎಳೆದು, ಜೀಪು ಕರೆಸಿದ. ನಾವು ಆಸ್ಪತ್ರೆಗೆ ಹೋದ ಮೇಲೆ ಅವನೇ ದೋಣಿಯನ್ನು ಮೇಲೆ ಹಾಕಿ, ತಂತಿಗಳನ್ನು ಸುತ್ತಿ, ಬಿಡಿಭಾಗ ಸಿಕ್ಕಿದ್ದೆಲ್ಲ ಒಂದು ಗೊಬ್ಬರದ ಚೀಲಕ್ಕೆ ತುಂಬಿ ನಮ್ಮ ಶೆಡ್ಡಿನ ತೊಲೆಗೆ ನೇತುಹಾಕಿ ಹೋದ. ಆ ಚೀಲವನ್ನು ನಾವಿಬ್ಬರೂ ಬಿಚ್ಚಲಿಲ್ಲ. ಅವಳಿಗೆ ನೋಡಲು ಮನಸ್ಸಿರಲಿಲ್ಲ. ನನಗೆ ನೋಡುವ ಅಗತ್ಯವೇ ಕಾಣಲಿಲ್ಲ, ಏಕೆಂದರೆ ನನಗೆ ಗೊತ್ತಿತ್ತು.

ನನಗೆ ಗೊತ್ತಾದದ್ದು ಹೇಗೆ ಎಂದು ಈಗ ಹಿಂದಕ್ಕೆ ಹೋಗಿ ನೋಡುತ್ತೇನೆ. ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಎಂದು ಕೇಳಿದರು. “ಪಿನ್ನಿಗೆ ದಾರ ಕಟ್ಟಿತ್ತು, ತುಂಡಾಯಿತು,” ಎಂದೆ. ಮಾರನೆಯ ದಿನ ನೋಡಲು ಬಂದ ಅವಳ ತಮ್ಮನಿಗೆ, “ಗೋಣಿದಾರ ಕಟ್ಟಿತ್ತು,” ಎಂದೆ. ದಾರ ಎಂದ ಮೇಲೆ ಗೋಣಿದಾರವೇ, ಆ ದಿನವೆಲ್ಲ ನನ್ನ ಕಣ್ಣ ಮುಂದೆ ಇದ್ದದ್ದು ಅದೇ. ಗೋಣಿದಾರ ಎಂದ ಮೇಲೆ ಅದು ಇದ್ದದ್ದು ಯಾರ ಜೇಬಿನಲ್ಲಿ? ವಾರ ಕಳೆಯುವುದರೊಳಗೆ, “ಇವಳು ಚೀಲ ಹೊಲಿಯೋ ದಾರದಲ್ಲಿ ಹಡಗು ಕಟ್ಟಿದ್ಲು,” ಎಂಬ ವಾಕ್ಯ ತಯಾರಾಯಿತು. ಒಳ್ಳೆಯ ವಾಕ್ಯ. ಕೇಳಿದವರೆಲ್ಲ ನಕ್ಕರು. ಮಂಚದ ಮೇಲೆ ಕೈ ಕಟ್ಟಿಸಿಕೊಂಡು ಕೂತಿದ್ದ ದೇಚಮ್ಮ ಮೊದಲ ಸಲ ಕೇಳಿದಾಗ ತಲೆ ಎತ್ತಿ, “ನಾನಾ?” ಎಂದಳು. ಆಮೇಲೆ, “ಇರಬಹುದು,” ಎಂದಳು.

ಆ ‘ಇರಬಹುದು’ ಎಂಬುದನ್ನು ನಾನು ಸಾಕ್ಷಿ ಎಂದು ದಾಖಲಿಸಿಕೊಂಡೆ. ನೋವಿನ ಮಾತ್ರೆ ನುಂಗಿ ಅರೆನಿದ್ದೆಯಲ್ಲಿದ್ದ ಒಬ್ಬ ದಣಿದ ಹೆಂಗಸಿನ ‘ಇರಬಹುದು’.

ಮೂಳೆ ಕೂಡಿತು. ಆದರೆ ಬಲಗೈ ಕಿವಿಯ ಮಟ್ಟಕ್ಕಿಂತ ಮೇಲೆ ಹೋಗುವುದಿಲ್ಲ. ಮದುವೆಗಳಿಗೆ ಹೊರಡುವಾಗ ಕೊಡವರ ರೀತಿ ಉಡುವ ಅವಳ ಸೀರೆಯ ಹಿಂದಿನ ನೆರಿಗೆ ಹಿಡಿದು, ಭುಜದ ಮೇಲೆ ಪಿನ್ ಹಾಕಿಕೊಡುವವನು ಈಗ ನಾನು. ಅಷ್ಟು ಮಾಡಿ, ಅಲ್ಲಿಗೆ ಹೋಗಿ, ಊಟಕ್ಕೆ ಕೂತ ಮೇಲೆ ಅದೇ ಕತೆ ಹೇಳುವವನೂ ನಾನೇ. ಅವಳ ಚಿಕ್ಕಪ್ಪನ ಮಗ ಅವಳಿಗೆ ‘ಗೋಣಿದಾರ ಅಕ್ಕ’ ಎಂದು ಹೆಸರಿಟ್ಟ. ವಿರಾಜಪೇಟೆಯ ಒಂದು ಮದುವೆಯಲ್ಲಿ ಅವನು ಹೋಳಿಗೆ ಬಡಿಸುವವನನ್ನು ನಿಲ್ಲಿಸಿ, “ಅಕ್ಕನಿಗೆ ಎರಡು ಹಾಕು ಮಾರಾಯ, ಇಲ್ಲದಿದ್ರೆ ಚಪ್ಪರದ ಕಂಬಕ್ಕೆ ದಾರ ಕಟ್ಟಿ ಹೋಗ್ತಾಳೆ!” ಎಂದ. ಪಂಕ್ತಿಯೇ ನಕ್ಕಿತು. ದೇಚಮ್ಮನೂ ನಕ್ಕಳು. ವಾಪಸು ಬರುವಾಗ ಜೀಪಿನಲ್ಲಿ, “ಮನೆ ಬಾಗಿಲಿಗೆ ಬೀಗ ಹಾಕಿದ್ದು ನಾನಾ, ನೀವಾ?” ಎಂದು ಕೇಳಿದಳು. ನಾನು ಎಂದೆ. “ಹಾಗಾದ್ರೆ ಸರಿ,” ಎಂದಳು.

ಆಗಲೇ ನನಗೆ ಅರ್ಥವಾಗಬೇಕಿತ್ತು. ಚೀಲದ ಬಾಯಿ ಹೊಲಿದು ಮತ್ತೆ ಬಿಚ್ಚಿ ಹೊಲಿಯುವುದು, ದನ ಕಟ್ಟಿ ಅರ್ಧ ದಾರಿಯಿಂದ ಹಿಂದಿರುಗುವುದು, ಎಲ್ಲದಕ್ಕೂ “ಸ್ವಲ್ಪ ನೋಡಿ” ಎಂದು ನನ್ನನ್ನು ಕರೆಯುವುದು. ವಯಸ್ಸಾಗುತ್ತಿದೆ ಎಂದುಕೊಂಡೆ. ದೋಣಿಯ ಹತ್ತಿರ ಅವಳು ಸುಳಿಯಲಿಲ್ಲ, ಭುಜದ ನೋವು ಎಂದುಕೊಂಡೆ. ಏಣಿ ಕಟ್ಟುವ ಕೆಲಸವನ್ನೂ ಬಿಡುತ್ತೇನೆ ಎಂದು ಇವತ್ತು ಹೇಳಿದಾಗ ನನ್ನ ಕೈಯಲ್ಲಿ ಹಗ್ಗವಿತ್ತು, ಅದು ಒಂದು ಎಳೆಯೂ ಜಗ್ಗಿರಲಿಲ್ಲ. ಭುಜ ಮುರಿದದ್ದು ಹಾಯಿಕಂಬ. ಈ ಕೈಗಳನ್ನು ಮುರಿದದ್ದು ನನ್ನ ಕತೆಯೇ ಇರಬೇಕು.

ತಿಂಡಿ ಮುಗಿಸಿ ಮೇಜಿಗೆ ಬಂದು ಇಷ್ಟನ್ನೂ ಬರೆದೆ. ಬರೆಯುತ್ತಾ ಹೋದ ಹಾಗೆ ಒಂದು ಕಡೆ ಪೆನ್ನು ನಿಂತಿತು. ಆ ಶನಿವಾರ ಸಂಜೆ, ಪೂರ್ವದಲ್ಲಿ ಮೋಡ ಕಂಡಿತೆಂದು ದೇಚಮ್ಮ ಕಣದ ಕಾಫಿ ಮುಚ್ಚಲು ಮೇಲೆ ಓಡಿದ್ದಳು. ನಾನು ದಡದಲ್ಲಿ ಒಬ್ಬನೇ ಉಳಿದಿದ್ದೆ. ಅದು ದಾರ ಕಟ್ಟುವುದಕ್ಕೆ ಮುಂಚೆಯೋ ಆಮೇಲೋ? ಎರಡು ವರ್ಷ ಹೇಳಿದ ಕತೆಯಲ್ಲಿ ಈ ಓಟಕ್ಕೆ ಜಾಗವೇ ಇರಲಿಲ್ಲ. ಹೇಳುವುದಕ್ಕೆ ಅದು ಅಡ್ಡಿಯಾಗುತ್ತದೆ ಎಂದು ಯಾವಾಗಲೋ ಕೈಬಿಟ್ಟಿದ್ದೆ.

ಎದ್ದು ಕಣಕ್ಕೆ ಹೋದೆ. ಅವಳು ಕಾಫಿ ಕೆದಕುತ್ತಿದ್ದಳು.

“ದೇಚು, ಆ ದಾರ ನೀನು ಕಟ್ಟಿದ್ದಲ್ಲ ಅನ್ನಿಸ್ತದೆ.”

ಅವಳು ಕೆದಕುವುದನ್ನು ನಿಲ್ಲಿಸಲಿಲ್ಲ. “ಎಂತ ಈಗ ಇದು?”

“ನಾನೇ ಕಟ್ಟಿರಬಹುದು.”

“ಬೆಳಿಗ್ಗೆ ನಾನು ಹೇಳಿದ್ದಕ್ಕೆ ಸಮಾಧಾನ ಮಾಡೋಕೆ ಬಂದ್ರಾ? ಬೇಡ. ನೀವು ಪಾಪ ಅಂತ ಹೇಳಿದ್ರೆ ನನ್ನ ಕೈ ಸರಿ ಆಗ್ತದಾ?”

“ಪಾಪ ಅಂತ ಅಲ್ಲ. ಅನುಮಾನ ಬಂತು.”

“ನಿಮಗೆ ಎಲ್ಲದರಲ್ಲೂ ಬರ್ತದೆ ಅನುಮಾನ. ಈ ಒಂದರಲ್ಲಿ ಮಾತ್ರ ಬರಲೇ ಇಲ್ಲ, ಎರಡು ವರ್ಷ.” ಕೆದಕುವ ಹಲಗೆಯನ್ನು ನೆಲಕ್ಕೆ ಊರಿ ನಿಂತಳು. “ಆಧಾರ ಉಂಟಾ?”

ಮೂವತ್ತು ವರ್ಷ ನಾನು ಕೇಳಿದ ಪ್ರಶ್ನೆಯನ್ನು ಯಾರೂ ನನಗೆ ಹೀಗೆ ಕೇಳಿರಲಿಲ್ಲ. “ಹಂಸ ತುಂಬಿಟ್ಟ ಚೀಲ ಉಂಟು,” ಎಂದೆ.

“ತನ್ನಿ. ನನ್ನ ಎದುರಿಗೇ ಬಿಚ್ಚಬೇಕು. ಗೋಣಿದಾರ ಆಗಿದ್ರೆ ನಾನು, ಮುಗೀತು. ಆಮೇಲೆ ಈ ವಿಷಯ ಎತ್ತಬಾರದು. ಏಣಿಯ ವಿಷಯವೂ ಎತ್ತಬಾರದು.”

ಶೆಡ್ಡಿನ ತೊಲೆಯಿಂದ ಚೀಲ ಇಳಿಸಿದೆ. ಮೇಲೆಲ್ಲ ಜೇಡರ ಬಲೆ. ಎತ್ತಿಕೊಂಡು ಬರುವಾಗ ನಾನು ಏನನ್ನು ಬಯಸುತ್ತಿದ್ದೆ ಎಂದು ನಿಜ ಹೇಳಬೇಕು. ಒಂದು ಕ್ಷಣ, ಗೋಣಿದಾರವೇ ಸಿಗಲಿ ಎಂದುಕೊಂಡೆ. ಅಷ್ಟು ಸಲ ಹೇಳಿದ್ದೆ.

ಕಣದ ಕಟ್ಟೆಯ ಮೇಲೆ ಕೂತು ಅವಳೇ ಚೀಲ ಬಿಚ್ಚಿದಳು, ಎಡಗೈಯಲ್ಲಿ ಹಿಡಿದು ಬಲಗೈ ಬೆರಳುಗಳಿಂದ. ತುಕ್ಕು ಹಿಡಿದ ತಂತಿಯ ಸುರುಳಿ, ಒಂದು ರಾಟೆ, ತುಂಡು ಹಗ್ಗ, ತಳದಲ್ಲಿ ಪಿನ್ನು. ಅಂಗೈಯಲ್ಲಿಟ್ಟು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಕಟ್ಟು ಬಲ್ಲವರು ಕಟ್ಟನ್ನು ನೋಡುವ ರೀತಿಯೇ ಬೇರೆ.

“ಇದು ನನ್ನ ಕಟ್ಟಲ್ಲ,” ಎಂದಳು. “ಇದು ಕಟ್ಟೇ ಅಲ್ಲ. ಸುಮ್ನೆ ತೂರಿಸಿ ಗಂಟು ಹಾಕಿದ್ದು.” ಪಿನ್ನನ್ನು ನನ್ನ ಕಡೆಗೆ ಚಾಚಿದಳು. “ಇದೆಂತ ಲೆಕ್ಚರ್ರೇ? ಹೇಳಿ.”

ಹೇಳಿದೆ.

“ನಮ್ಮನೇಲಿ ಇದು ಯಾರ ಜೇಬಲ್ಲಿ ಇರ್ತಿತ್ತು?”

“ನನ್ನ.”

“ಪೂರ್ತಿ ಹೇಳಿ.”

“ನಾನು ಕಟ್ಟಿದ್ದು. ನೀನಲ್ಲ.”

ಅವಳು ನಗಬಹುದು ಎಂದುಕೊಂಡಿದ್ದೆ. ನಗಲಿಲ್ಲ. ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಮಗುಚಿ ಹಾಕಿ ನೋಡಿದಳು, ಮತ್ತೆ ತಿರುಗಿಸಿ ನೋಡಿದಳು. “ಎರಡು ವರ್ಷ ಈ ಕೈಗಳನ್ನ ಬೈದೆನಲ್ಲ ನಾನು,” ಎಂದಳು. ನಾನು ಏನೋ ಹೇಳಲು ಹೊರಟೆ. “ಸುಮ್ನಿರಿ. ಕ್ಷಮೆ ಗಿಮೆ ಇಲ್ಲಿ ಬೇಡ. ಬರೋ ಮದುವೇಲಿ, ಊಟದ ಪಂಕ್ತೀಲಿ, ಎದ್ದು ನಿಂತು ಹೇಳ್ಬೇಕು. ಕೂತಲ್ಲ, ಎದ್ದು ನಿಂತು.” ಆಮೇಲೆ ಎದ್ದು ಕೆದಕುವ ಹಲಗೆ ನನ್ನ ಕೈಗೆ ಕೊಟ್ಟು ಹೋದಳು. ಕಾಫಿಯ ಉಳಿದ ಅರ್ಧವನ್ನು ನಾನು ಕೆದಕಿದೆ. ಏಣಿಗಳ ಹತ್ತಿರ ಅವಳು ಇನ್ನೊಂದು ಜೋಡಿಯನ್ನು ಬಿಗಿಯುತ್ತಿದ್ದದ್ದು ಕಾಣುತ್ತಿತ್ತು. ನನ್ನನ್ನು ಕರೆಯಲಿಲ್ಲ.

ಆ ಭಾನುವಾರದ ಉಳಿದ ವಿವರಗಳಿಗೆ ನಾನು ಜವಾಬ್ದಾರನಲ್ಲ. ರೊಟ್ಟಿಗೆ ಕುಂಬಳಕಾಯಿ ಪಲ್ಯವೇ ಇತ್ತೇ, ಗಾಳಿ ಪೂರ್ವದ್ದೇ, ದೇಚಮ್ಮ ರಾಜನ ಕತೆ ಕೇಳಿದ್ದು ಆ ದಿನವೋ ಬೇರೆ ದಿನವೋ, ಯಾವುದಕ್ಕೂ ಆಧಾರವಿಲ್ಲ. ಒಂದನ್ನು ಮಾತ್ರ ಇವತ್ತು ಮಧ್ಯಾಹ್ನ ಮತ್ತೊಮ್ಮೆ ಪರಿಶೀಲಿಸಿದೆ. ಪಿನ್ನಿನ ತೂತಿನಲ್ಲಿ ಅಡ್ಡಲಾಗಿ ಸಿಕ್ಕಿಕೊಂಡಿರುವುದು ಒಂದು ತಗಡಿನ ತುದಿ, ಅದರಿಂದ ಬೆರಳುದ್ದ ಇಳಿಬಿದ್ದಿರುವುದು ಹಸಿರು ದಾರ. ಅದನ್ನು ನನ್ನ ಮೇಜಿನ ಖಾನೆಯಲ್ಲಿ ಉಳಿದಿದ್ದವುಗಳ ಪಕ್ಕದಲ್ಲಿಟ್ಟು ನೋಡಿದೆ. ಅದೇ ಬಣ್ಣ, ಅದೇ ತುದಿ. ಪರೀಕ್ಷೆಯ ದಿನಗಳಲ್ಲಿ ವಿದ್ಯಾರ್ಥಿಗಳ ಉತ್ತರಪತ್ರಿಕೆಗೆ ಹೆಚ್ಚಿನ ಹಾಳೆ ಪೋಣಿಸಲು ನಾನು ಕೊಡುತ್ತಿದ್ದ ಟ್ಯಾಗು.